ಹೆಸರು ತಪ್ಪಿದ ಅಕ್ಷರ

ವ್ಯಾಖ್ಯಾನವಿಲ್ಲದೆ ಕಾವ್ಯ ತಿಳಿಯದೆಂದು ನಾವು ಕನ್ನಡದ ಮೇಷ್ಟರು ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ; ನಮ್ಮ ಅನ್ನ ನಡೆಯುವುದೂ ಅದರಿಂದಲೇ. ಗಣಕದ ಕ್ರಮವಿಧಿಗಳಿಗೂ ವ್ಯಾಖ್ಯಾನವುಂಟೆಂದು ನನಗೆ ತಿಳಿಸಿದವರು ಬೆಳಗಾವಿಯ ಇಂಜಿನಿಯರಿಂಗ್ ತರುಣರು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಇಲ್ಲಿ ಅಂತಹವರಿಗೆ ಬರವಿಲ್ಲ. ಯಂತ್ರವು ಓದದೆ ದಾಟಿಬಿಡುವ, ಮನುಷ್ಯನಿಗಾಗಿಯೇ ಬರೆದ ಆ ಸಾಲುಗಳನ್ನು ಅವರು ‘ಕಾಮೆಂಟ್’ ಎನ್ನುತ್ತಾರೆ.

ಈ ಟೀಕಾಕಾರರಲ್ಲಿ ಮಲ್ಲಿನಾಥರು ವಿರಳ. ‘ಇಲ್ಲಿ ಒಂದು ಕೂಡಿಸಿದೆ’ ಎಂದು ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳುವವನೊಬ್ಬ. ‘ಇದನ್ನು ಮುಟ್ಟಬೇಡಿ, ಹೇಗೆ ನಡೆಯುತ್ತಿದೆಯೋ ತಿಳಿಯದು’ ಎಂದು ಕೈಮುಗಿಯುವವನೊಬ್ಬ. ಮಹಾಮಹೋಪಾಧ್ಯಾಯರೂ ಇದಕ್ಕೆ ಹೊರತಲ್ಲ. 1969ರಲ್ಲಿ ಅಪೊಲೊ 11ರ ನೌಕೆಯನ್ನು ಚಂದ್ರನ ಮೇಲಿಳಿಸಿದ ಕ್ರಮವಿಧಿಯಲ್ಲಿ ಒಂದೆಡೆ ‘ತಾತ್ಕಾಲಿಕ’ ಎಂದು ಬರೆದು, ಮುಂದೆ ‘ಎಂದು ಆಶೆ, ಆಶೆ, ಆಶೆ’ ಎಂದು ಮೂರು ಸಲ ಹಂಬಲಿಸಿದ್ದಾರೆ. 1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ ‘ಇದು ನಿಮಗೆ ತಿಳಿಯಬೇಕೆಂಬ ನಿರೀಕ್ಷೆಯಿಲ್ಲ’ ಎಂಬ ಒಕ್ಕಣೆಯಿತ್ತು. ಅದು ತಮಗೂ ಸರಿಯಾಗಿ ತಿಳಿದಿರಲಿಲ್ಲವೆಂದು ಡೆನ್ನಿಸ್ ರಿಚಿ ಮುಂದೆ ಒಪ್ಪಿಕೊಂಡರು!

ನಕ್ಕು ಸುಮ್ಮನಾಗೋಣವೆಂದರೆ, ನಮ್ಮ ಹಳಗನ್ನಡದ ೞಕಾರವೇ ಇಂತಹ ಪ್ರಮಾದಕ್ಕೆ ಸಿಕ್ಕಿದೆ. ಏೞ್, ಬಾೞ್ ಮೊದಲಾದ ಮಾತುಗಳ ಈ ಅಕ್ಷರವನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶ್ರಮವಹಿಸಿ ವಿಂಗಡಿಸಿದ್ದಾನೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಮಾತ್ರ ಅದಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂದು ನಾಮಕರಣ ಮಾಡಿಬಿಟ್ಟಿತು! ಆ ಹೆಸರನ್ನೇ ನಂಬುವ ಕ್ರಮವಿಧಿಯ ಕೈಯಲ್ಲಿ ಪಂಪನ ‘ಬಾೞ್’ ಹೋಗಿ ‘ಬಾಫ್’ ಆದೀತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಹಳೆಯ ಹೆಸರನ್ನು ಆಶ್ರಯಿಸಿದ ಕ್ರಮವಿಧಿಗಳು ಕೆಡಬಾರದಲ್ಲ! ಆದುದರಿಂದ ಹೆಸರನ್ನು ಹಾಗೆಯೇ ಬಿಟ್ಟು, ಅದು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯನಾಮವನ್ನೂ ಸೇರಿಸಿದ್ದಾರೆ.

ಇದು ನಮಗೆ ಹೊಸ ಪದ್ಧತಿಯಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ದೊರೆತಿವೆ. ತಾಮ್ರದಲ್ಲಿ ಕೊರೆದ ತಪ್ಪನ್ನು ಅಳಿಸುವುದು ಸುಲಭವಲ್ಲ; ಅಳಿಸುವುದು ಸಂಪಾದಕನ ಕೆಲಸವೂ ಅಲ್ಲ. ಬಲ್ಲ ಸಂಪಾದಕನು ಮೂಲವನ್ನು ಇದ್ದಂತೆ ಕೊಟ್ಟು, ಸರಿಪಾಠವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುತ್ತಾನೆ. ಮೂಲ ಕೆಡದೆ ಉಳಿಯುತ್ತದೆ, ಓದುಗನೂ ದಾರಿ ತಪ್ಪುವುದಿಲ್ಲ.

ತರುಣ ಮಿತ್ರರಿಗೆ ನಾನು ಹೇಳುವುದು ಇಷ್ಟೇ. ಏನು ಮಾಡಿದಿರೆಂಬುದನ್ನು ನಿಮ್ಮ ಸಾಲೇ ಹೇಳುತ್ತದೆ. ಏಕೆ ಹಾಗೆ ಮಾಡಿದಿರಿ, ಎಲ್ಲಿ ಅನುಮಾನವಿದೆ ಎಂಬುದನ್ನು ನೀವೇ ಹೇಳಬೇಕು. ಒಂದು ಸಾಲಿನ ಪ್ರಾಮಾಣಿಕ ಟಿಪ್ಪಣಿ ನಮ್ಮ ೞಕಾರದ ಮಾನ ಉಳಿಸಿದೆ.