ಸಮುದ್ರ ಬದಲಾದಾಗ ಚಿಪ್ಪುಗಳು ಏನು ಮಾಡಿದವು?

ಇಯರ್‌ಫೋನ್ ಹಾಕ್ಕೊಂಡು ಶಿಗ್ಗಾಂವಿ ಬಸ್‌ಸ್ಟ್ಯಾಂಡ್‌ನಲ್ಲೋ ಸವಣೂರು ಸಂತೆಯಲ್ಲೋ ಇದನ್ನು ಕೇಳ್ತಿದ್ದರೆ, ಪಕ್ಕದ ಪಾನ್ ಅಂಗಡಿ ಕಡೆ ಒಮ್ಮೆ ನೋಡಿ. ಎಲೆಗೆ ಸುಣ್ಣ ಹಚ್ತಾರಲ್ಲ, ಕರಾವಳಿಯಲ್ಲಿ ಅದನ್ನ ಸಮುದ್ರದ ಚಿಪ್ಪು ಸುಟ್ಟು ಮಾಡೋ ರೂಢಿ ಹಳೇದು.

ನಾನು ಹಾನಗಲ್ ಕಡೆಯವನು. ಸಣ್ಣವನಿದ್ದಾಗ ಹೊಲದ ಕಲ್ಲು ಒಡೆದು ಒಳಗೆ ಚಿಪ್ಪು ಸಿಗುತ್ತಾ ಅಂತ ಹುಡುಕಿದ್ದೆ. ಸಿಗೋದಿಲ್ಲ. ಹಾನಗಲ್‌ನಿಂದ ಹಿರೇಕೆರೂರಿನವರೆಗೆ ನಮ್ಮ ಕಾಲ ಕೆಳಗಿರೋ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಚಿಪ್ಪು ಕಟ್ಟೋ ಜೀವಿಯೇ ಹುಟ್ಟಿರಲಿಲ್ಲ. ಹಾಗಾಗಿ ಇವತ್ತಿನ ಕಥೆಗೆ ಅರಬ್ಬಿ ಸಮುದ್ರದ ಆಚೆ ದಡಕ್ಕೆ ಹೋಗಬೇಕು.

ಡೈನೋಸಾರ್‌ಗಳ ಕಾಲದಲ್ಲಿ ಅಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ. ಅದರ ತುಂಬ ರುಡಿಸ್ಟ್ ಅನ್ನೋ ಚಿಪ್ಪುಜೀವಿಗಳು. ಎರಡು ಚಿಪ್ಪಿನ ಬೆಳಚು ಗೊತ್ತಲ್ಲ, ಅದರದೇ ದೂರದ ಬಳಗ. ಆದರೆ ಆಕಾರ ವಿಚಿತ್ರ. ಒಂದು ಚಿಪ್ಪು ಐಸ್‌ಕ್ರೀಮ್ ಕೋನ್ ಥರ, ಇನ್ನೊಂದು ಅದರ ಮುಚ್ಚಳ. ಒತ್ತೊತ್ತಾಗಿ ನಿಂತು, ಸತ್ತವುಗಳ ಮೇಲೆ ಹೊಸವು ಬೆಳೆದು ದಿಬ್ಬಗಳೇ ಎದ್ದವು. ಕೆಲವು ಜಾತಿ ಒಂದು ಮೀಟರ್ ದಾಟ್ತಿದ್ದವು.

ಈಗ ಸ್ವಲ್ಪ ಕೆಮಿಸ್ಟ್ರಿ, ಓಡಿ ಹೋಗಬೇಡಿ. ಚಿಪ್ಪಿನ ಸುಣ್ಣದಲ್ಲಿ ಎರಡು ತರಹ: ಅರಗೊನೈಟ್, ಕ್ಯಾಲ್ಸೈಟ್. ಅಂಶಗಳು ಅವೇ, ಜೋಡಣೆ ಬೇರೆ. ಅರಗೊನೈಟ್ ಆಮ್ಲದಲ್ಲಿ ಬೇಗ ಕರಗುತ್ತೆ. ನೀರಲ್ಲಿ ಕ್ಯಾಲ್ಸಿಯಂಗಿಂತ ಮೆಗ್ನೀಸಿಯಂ ತುಂಬ ಜಾಸ್ತಿ ಇದ್ದರೆ ಅರಗೊನೈಟ್ ಕಟ್ಟೋದು ಸುಲಭ, ಇವತ್ತಿನ ಸಮುದ್ರ ಹಾಗೇ ಇದೆ. ರುಡಿಸ್ಟ್‌ಗಳ ಕಾಲದಲ್ಲಿ ಸಮುದ್ರತಳ ಜೋರಾಗಿ ಬಿರಿದು ಹೊಸ ಲಾವಾ ಬರ್ತಿತ್ತು. ಆ ಬಿಸಿ ಕಲ್ಲು ನೀರಿನ ಮೆಗ್ನೀಸಿಯಂ ಹೀರಿ ಕ್ಯಾಲ್ಸಿಯಂ ಬಿಡ್ತಿತ್ತು. ಗಾಳಿ ಕ್ಯಾಲ್ಸೈಟ್ ಕಡೆ ಬೀಸಿತು.

ಸುಮಾರು 12 ಕೋಟಿ ವರ್ಷದ ಹಿಂದೆ ಪೆಸಿಫಿಕ್ ತಳದಲ್ಲಿ, ಈಗ ಒಂಟಾಂಗ್ ಜಾವಾ ಅಂತ ಕರೆಯೋ ಜಾಗದಲ್ಲಿ, ಭಾರೀ ಜ್ವಾಲಾಮುಖಿ. ಕಾರ್ಬನ್ ಡೈಆಕ್ಸೈಡ್ ಏರಿತು, ಸಮುದ್ರದ ಎಷ್ಟೋ ಕಡೆ ಆಮ್ಲಜನಕ ಕುಸಿಯಿತು. ಮುಂದಿನ ಕಾಲದಲ್ಲಿ ದಪ್ಪ ಅರಗೊನೈಟ್ ಗೋಡೆಯ ರುಡಿಸ್ಟ್ ಗುಂಪುಗಳು ದೊಡ್ಡ ಹೊಡೆತ ತಿಂದವು. ಕ್ಯಾಲ್ಸೈಟ್ ಪದರ ದಪ್ಪ ಮಾಡಿಕೊಂಡ ಗುಂಪುಗಳು ಆಮೇಲೆ ಮೆರೆದವು. ಕಾರಣ ಬಿಸಿಯೋ, ಆಮ್ಲವೋ, ಮೆಗ್ನೀಸಿಯಮ್ಮೋ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಾರೆ. ನನಗೆ ಅನ್ಸೋದು, ಒಂದೇ ಕಾರಣ ಹುಡುಕೋದೇ ತಪ್ಪು.

ಬಿಸಿಗಂತೂ ಇವು ಗಟ್ಟಿ. ಒಮಾನ್‌ನಲ್ಲಿ ಸಿಕ್ಕ, 7 ಕೋಟಿ ವರ್ಷ ಹಳೆಯ ಒಂದೇ ಒಂದು ಚಿಪ್ಪನ್ನ ನೀಲ್ಸ್ ಡಿ ವಿಂಟರ್ ಮತ್ತು ಜೊತೆಗಾರರು ಲೇಸರ್‌ನಿಂದ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ದಿನಕ್ಕೊಂದು ಗೆರೆ, ಎಣಿಸಿದರೆ ವರ್ಷಕ್ಕೆ 372 ದಿನ! ಆಗ ದಿನಕ್ಕೆ ಇದ್ದದ್ದು 23 ಗಂಟೆ 30 ನಿಮಿಷ. ಬೇಸಿಗೆಯಲ್ಲಿ ಅಲ್ಲಿನ ನೀರು 40 ಡಿಗ್ರಿ, ಚಳಿಗಾಲದಲ್ಲೂ 30ರ ಮೇಲೆ. ಸ್ನಾನದ ನೀರು ಅಂದ್ಕೊಳ್ಳಿ.

6.6 ಕೋಟಿ ವರ್ಷದ ಹಿಂದೆ, ಕ್ಷುದ್ರಗ್ರಹ ಬಿದ್ದ ಆ ಮಹಾವಿನಾಶದಲ್ಲಿ ಡೈನೋಸಾರ್ ಜೊತೆ ಇವೂ ಹೋದವು. ಆದರೆ ಕಟ್ಟಿದ ಕಲ್ಲು ಉಳಿಯಿತು, ಅದರ ತೂತುಗಳಲ್ಲಿ ತೈಲ ತುಂಬಿತು. ದಕ್ಷಿಣ ಇರಾಕ್‌ನ ರುಮೈಲಾದಲ್ಲಿ ತೈಲ ಬರೋ ಮುಖ್ಯ ಪದರಗಳಲ್ಲಿ ಒಂದು ಇಂಥ ರುಡಿಸ್ಟ್ ಸುಣ್ಣಕಲ್ಲು. ಭಾರತ ಇರಾಕ್‌ನಿಂದ ಬಹಳ ತೈಲ ಕೊಳ್ಳುತ್ತೆ. ನಿಮ್ಮ ಬೈಕ್‌ನಲ್ಲೂ ಒಂದು ಹನಿ ಇದ್ದೀತು.

ಅದನ್ನ ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡ್‌ನ ಒಂದು ಪಾಲು ಮತ್ತೆ ಸಮುದ್ರ ಸೇರಿ ಆಮ್ಲ ಆಗುತ್ತೆ. ಕಾರ್ಖಾನೆಗಳ ಕಾಲ ಶುರುವಾದ ಮೇಲೆ ಸಮುದ್ರದ ಮೇಲ್ಪದರದ ಆಮ್ಲೀಯತೆ ಸುಮಾರು 30 ಪರ್ಸೆಂಟ್ ಏರಿದೆ. ಆ ಜ್ವಾಲಾಮುಖಿಗಳ ಲೆಕ್ಕ ಲಕ್ಷಗಟ್ಟಲೆ ವರ್ಷದ್ದು, ನಮ್ಮದು ಇನ್ನೂರೈವತ್ತು ವರ್ಷದ್ದು. ಮಳೆ ಕಲ್ಲನ್ನ ಸವೆಸಿ, ಸುಣ್ಣ ತಂದು ಆಮ್ಲ ತಣಿಸೋಕೆ ಇಷ್ಟು ಟೈಮ್ ಸಾಲೋದಿಲ್ಲ.

ಹಾನಗಲ್‌ನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಕುಮಟಾ. ಅಲ್ಲಿ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು, ಗಂಡಸರು ಬೆಳಚು ಆರಿಸ್ತಾರೆ, ಅದೇ ಅವರ ಸಂಪಾದನೆ. ಬೆಳಚಿನ ಚಿಪ್ಪು ಅರಗೊನೈಟ್. ಸಿಂಪಿ ದೊಡ್ಡದಾದ ಮೇಲೆ ಕ್ಯಾಲ್ಸೈಟ್ ಕಟ್ಟುತ್ತೆ, ಆದರೆ ಮರಿಯಿದ್ದಾಗ ಅದರದೂ ಅರಗೊನೈಟೇ.