ರಿಟೈರ್ ಆದ ಮ್ಯಾಲೆ ಯಾವೂರು?

ಧಾರವಾಡಕ್ಕೆ ಪಿಂಚಣಿದಾರರ ಊರು ಎಂಬ ಹೆಸರು ಬಿದ್ದು ತಲೆಮಾರುಗಳೇ ಕಳೆದವು. ಮಾಸ್ತರಿಕೆ ಮುಗಿಸಿದವರು, ಕಚೇರಿಯ ಕುರ್ಚಿ ಬಿಟ್ಟವರು, ಬ್ಯಾಂಕಿನಿಂದ ಹೊರಬಿದ್ದವರು ಅಲ್ಲೊಂದು ಮನೆ ಕಟ್ಟಿ, ಅಂಗಳದಲ್ಲಿ ಮಾವಿನ ಗಿಡ ಹಚ್ಚಿ, ಸಂಜೆ ಸಾಹಿತ್ಯ ಸಂಘದ ಕಡೆ ಕಾಲು ಹಾಕುತ್ತಿದ್ದರು. ಈಗ ಅದೇ ಧಾರವಾಡದಲ್ಲಿ ಪ್ಲಾಟಿನ ದರ ಕೇಳಿದರೆ ಗ್ರಾಚ್ಯುಟಿ, ಜಿಪಿಎಫ್ ಎರಡನ್ನೂ ಕೂಡಿಸಿದರೂ ಪಾಯಾ ಎದ್ದೀತೇ ಹೊರತು ಮನೆ ಏಳುವುದು ಕಷ್ಟ. ಹೀಗಾಗಿ ಅರವತ್ತರ ಹೊಸ್ತಿಲಲ್ಲಿ ನಿಂತವರ ಮಾತು ಇತ್ತೀಚೆಗೆ ಸ್ವಲ್ಪ ಆಚೆಗೆ ಸರಿದಿದೆ. ಬೈಲಹೊಂಗಲ ಹೇಗೆ? ಕಿತ್ತೂರು ಹತ್ತಿರ ಅಲ್ಲವೇ? ಸವದತ್ತಿಯಲ್ಲಿ ಯಲ್ಲಮ್ಮವ್ವನ ಪಾದದ ಬುಡದಲ್ಲಿದ್ದರೆ ಸಾಕಲ್ಲ? ರಾಮದುರ್ಗದಲ್ಲಿ ಹಿರಿಯರ ಮನೆ ಹಾಗೇ ಇದೆಯಲ್ಲ?

ನಾಲ್ಕೂ ಬೆಳಗಾವಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು, ನಾಲ್ಕೂ ತಾಲ್ಲೂಕುಗಳಿಗೆ ಮಲಪ್ರಭೆಯ ನಂಟು. ಮುಂಬೈ ಕರ್ನಾಟಕ ಎಂಬ ಹೆಸರು ಹೋಗಿ 2021ರಲ್ಲಿ ಕಿತ್ತೂರು ಕರ್ನಾಟಕ ಬಂದಮೇಲೆ ಈ ಭಾಗದವರ ಎದೆ ತುಸು ಉಬ್ಬಿದ್ದೂ ನಿಜ. ಇನ್ನೊಂದು ಸಾಮ್ಯವನ್ನೂ ಹೇಳಬೇಕು: ನಾಲ್ಕರಲ್ಲಿ ಒಂದೂರಿಗೂ ರೈಲಿಲ್ಲ. ಬೆಂಗಳೂರಿನಿಂದ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಧಾರವಾಡ, ಬೆಳಗಾವಿ ದಾಟಿ ಮಹಾರಾಷ್ಟ್ರ ಸೇರುತ್ತದೆ. ರಾಣಿಯ ಕೋಟೆ ಇರುವ ಕಿತ್ತೂರನ್ನೂ ಮುಟ್ಟುವುದಿಲ್ಲ, ಸಮಾಧಿ ಇರುವ ಬೈಲಹೊಂಗಲವನ್ನೂ ಮುಟ್ಟುವುದಿಲ್ಲ. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ಹೊಸ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಹಾಯ್ದು ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಗೂ ಬಹಳ ವಯಸ್ಸಾಗಿದೆ. ನಿವೃತ್ತಿಯ ಲೆಕ್ಕ ಹಾಕುವವರು ಇವೆರಡನ್ನೂ ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು. ಬಸ್ಸೇ ಗತಿ. ಅದರಲ್ಲೂ ಮನೆಯ ಯಜಮಾನರಿಗೆ ಅರವತ್ತು ದಾಟಿದರೆ ಟಿಕೀಟಿನಲ್ಲಿ ಶೇ 25 ರಿಯಾಯಿತಿ, ಯಜಮಾನತಿಗೆ 2023ರ ಶಕ್ತಿ ಯೋಜನೆಯಿಂದ ಪುಕ್ಕಟೆ. ಊರೂರು ತಿರುಗುವ ಹಕ್ಕು ಯಾರ ಕೈಗೆ ಹೋಗಿದೆ ಎಂಬುದನ್ನು ಈ ಭಾಗದ ಯಾವ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಕಾಣಬಹುದು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬೈಲಹೊಂಗಲಕ್ಕೆ. ನೋಡಲು ಅದೇನು ಚೆಂದದ ಊರಲ್ಲ. ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಚಪ್ಪಲಿಗೆ ಹತ್ತಿದ ಮಣ್ಣು ಪಡಸಾಲೆಯವರೆಗೂ ಬರುತ್ತದೆ, ಬೇಸಿಗೆಯಲ್ಲಿ ಧೂಳು. ಆದರೆ ಇದು ಹತ್ತಿಯ ವ್ಯಾಪಾರದಿಂದ ಬೆಳೆದ ಪೇಟೆ. ಸುತ್ತಲಿನ ಹಳ್ಳಿಗಳವರು ಹತ್ತಿ, ಕಡಲೆ, ಸೋಯಾ ತಂದು ಮಾರಿ, ಮದುವೆಯ ಜವಳಿ ಕೊಂಡು, ಹಲ್ಲು ಕೀಳಿಸಿಕೊಂಡು, ಕೋರ್ಟಿನ ತಾರೀಖು ಮುಗಿಸಿಕೊಂಡು ಹೋಗುವ ಜಾಗ. ಉಪವಿಭಾಗದ ಕೇಂದ್ರ ಬೇರೆ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 49 ಸಾವಿರದಷ್ಟಿತ್ತು. ಸವದತ್ತಿಯದು 41 ಸಾವಿರ, ರಾಮದುರ್ಗದ್ದು 35 ಸಾವಿರದ ಆಸುಪಾಸು, ಕಿತ್ತೂರು ಇವೆಲ್ಲಕ್ಕಿಂತ ಬಹಳ ಸಣ್ಣದು.

ವಯಸ್ಸಾದವರಿಗೆ ಇಂಥ ಪೇಟೆಯ ಬೆಲೆ ಗೊತ್ತಾಗುವುದು ಸಣ್ಣ ಕೆಲಸಗಳಲ್ಲಿ. ಕನ್ನಡಕದ ಸ್ಕ್ರೂ ಬಿದ್ದುಹೋಗಿದೆ, ಮಿಕ್ಸರ್ ತಿರುಗುತ್ತಿಲ್ಲ, ಬ್ಯಾಂಕಿನವರು ಮತ್ತೆ ಕೆವೈಸಿ ಕೇಳಿದ್ದಾರೆ, ಬಿ.ಪಿ. ಗುಳಿಗೆ ಮುಗಿದಿದೆ. ದೊಡ್ಡ ಊರಿನಲ್ಲಿ ಇವು ನಾಲ್ಕು ದಿನದ, ನಾಲ್ಕು ಆಟೋದ ಕೆಲಸ. ಇಲ್ಲಿ ಬಜಾರದಲ್ಲಿ ಒಂದು ಸುತ್ತು ಹಾಕಿದರೆ ಮುಗಿಯಿತು. ನಡುವೆ ಎರಡು ಕಡೆ ಕೂತು ಮಾತಾಡಿದ್ದೂ ಆಯಿತು. ದೊಡ್ಡ ಆಸ್ಪತ್ರೆ ಬೇಕೆಂದರೆ ಬೆಳಗಾವಿಗೂ ಧಾರವಾಡಕ್ಕೂ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಒಂದೂರಿನ ಡಾಕ್ಟರ ಮಾತಿನಲ್ಲಿ ನಂಬಿಕೆ ಬರದಿದ್ದರೆ ಇನ್ನೊಂದೂರಿಗೆ ಹೋಗಿ ಕೇಳುವ ಸವಲತ್ತು ಇದು, ಸಣ್ಣದೇನಲ್ಲ.

ಬೆಳಗಿನ ಹೊತ್ತು ಬಸ್ ಸ್ಟ್ಯಾಂಡಿನ ಆಸುಪಾಸಿನ ಚಹಾದಂಗಡಿಯ ಮುಂದೆ ನಿಂತು ನೋಡಬೇಕು. ಪೇಪರು ಒಂದೇ, ಹಾಳೆಗಳು ನಾಲ್ವರ ಕೈಯಲ್ಲಿ. ಜಿಲ್ಲಾ ಸುದ್ದಿ ಹಿಡಿದವರು ಬಿಡುವುದಿಲ್ಲ, ಮುಖಪುಟದವರು ಓದಿ ಮುಗಿಸಿ ಅವರನ್ನೇ ನೋಡುತ್ತ ಕೂತಿರುತ್ತಾರೆ. ಹೊಸಬರು ಬಂದು ಬಾಕಿನ ತುದಿಗೆ ಕೂತರೆ ಮೊದಲ ಪ್ರಶ್ನೆ, “ಯಾವೂರಾತ್ರಿ ನಿಮ್ದು?” ಎರಡನೆಯದು, “ಯಾವ ಡಿಪಾರ್ಟ್‌ಮೆಂಟ್‌ನ್ಯಾಗ ಇದ್ರಿ?” ಮೂರನೆಯದು, “ಪೆನ್ಷನ್ ಎಷ್ಟ ಬರ್ತೈತ್ರಿ?” ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ವರ್ಷ ಎದುರುಮನೆಯವರ ಹೆಸರು ತಿಳಿಯದೇ ಬದುಕಿ ಬಂದವರಿಗೆ ಈ ಮೂರನೆಯದು ಚುರುಕ್ ಎನ್ನುತ್ತದೆ. ಉತ್ತರ ಹೇಳಿದರೆ ಸ್ನೇಹ ಶುರು. ಹೇಳದಿದ್ದರೆ ಅವರೇ ಒಂದು ಮೊತ್ತ ಹಚ್ಚಿಕೊಳ್ಳುತ್ತಾರೆ, ಅದು ಯಾವತ್ತೂ ನಿಜದ್ದಕ್ಕಿಂತ ದೊಡ್ಡದಿರುತ್ತದೆ, ಗಣೇಶೋತ್ಸವದ ಪಟ್ಟಿ ಹಿಡಿದು ಬಂದಾಗ ಗೊತ್ತಾಗುತ್ತದೆ.

ಊರಿಗೆ ಊರೇ ಸ್ನೇಹಿತ ಎಂದರೆ ಊರಿಗೆ ಊರೇ ಸಾಕ್ಷಿಯೂ ಹೌದು. ಸಂಗ್ಯಾ ಬಾಳ್ಯಾ ಸಣ್ಣಾಟದ ಕತೆ ಹುಟ್ಟಿದ್ದು ಬೈಲಹೊಂಗಲದ ಒಂದು ನಿಜ ಘಟನೆಯಿಂದ ಎಂದು ಹೇಳುತ್ತಾರೆ. ಗೆಳೆತನ, ಗುಟ್ಟು, ಗುಟ್ಟು ರಟ್ಟಾಗುವುದು, ಆಮೇಲಿನ ಅನಾಹುತ ಎಲ್ಲವೂ ಅದರಲ್ಲಿದೆ. ಸಣ್ಣ ಊರಿನ ಆಪ್ತತೆ ಹುಡುಕಿಕೊಂಡು ಬರುವವರು ಆ ಆಟವನ್ನೊಮ್ಮೆ ನೋಡಿ ಬಂದರೆ ತಪ್ಪೇನಿಲ್ಲ.

ಸಂಜೆಯ ನಡಿಗೆಗೆ ಚೆನ್ನಮ್ಮನ ಸಮಾಧಿಯ ಆವರಣವಿದೆ. ಕಿತ್ತೂರು ಬಿದ್ದ ಮೇಲೆ ಇಂಗ್ಲಿಷರು ರಾಣಿಯನ್ನು ಇಟ್ಟದ್ದು ಇಲ್ಲಿಯ ಕೋಟೆಯಲ್ಲಿ, 1829ರಲ್ಲಿ ಅವಳು ತೀರಿಕೊಂಡದ್ದೂ ಇಲ್ಲೇ. ಮೊಮ್ಮಕ್ಕಳು ರಜೆಗೆ ಬಂದರೆ ಸಂಗೊಳ್ಳಿಗೆ ಕರೆದೊಯ್ಯಬಹುದು. ರಾಯಣ್ಣನ ಊರು, ಈಗ ಅಲ್ಲೊಂದು ಸೈನಿಕ ಶಾಲೆಯೂ ಇದೆ. ಮಳೆ ಚಲೋ ಆದ ವರ್ಷ ಸೊಗಲದ ಸೋಮೇಶ್ವರನ ಗುಡಿಯ ಪಕ್ಕ ಜಲಪಾತ ಧುಮುಕುತ್ತದೆ. ಮಳೆ ಇಲ್ಲದ ವರ್ಷ ಸೋಮೇಶ್ವರನ ದರ್ಶನ ಮಾತ್ರ.

ಕಿತ್ತೂರಿನ ಮಾತು ಬೇರೆ. ಹೆಸರು ನಾಡಿಗೆ ದೊಡ್ಡದು, ಊರು ಅಂಗೈಯಗಲ. ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಧಾರವಾಡ ಮೂವತ್ತು ಕಿಲೋಮೀಟರು, ಬೆಳಗಾವಿ ಐವತ್ತರ ಆಸುಪಾಸು. ಹೃದಯದ ತೊಂದರೆ ಇರುವವರು ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ಕಣ್ಣುಮುಚ್ಚಿ ಕಿತ್ತೂರು ಎನ್ನುತ್ತೇನೆ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಅರ್ಧ ತಾಸಿನಲ್ಲಿ ಧಾರವಾಡದ ಬಾಗಿಲು ಮುಟ್ಟಬಹುದು. ಪಶ್ಚಿಮಕ್ಕೆ ಸರಿದಷ್ಟೂ ಮಲೆನಾಡಿನ ಸೆರಗು ಸಿಗುತ್ತದೆ. ಹಾಗಾಗಿ ಉಳಿದ ಮೂರಕ್ಕಿಂತ ಇಲ್ಲಿ ಮಳೆ ಹೆಚ್ಚು, ಬೇಸಿಗೆ ಮೆತ್ತಗೆ.

ಕೋಟೆಯೊಳಗೆ ಅರಮನೆಯ ಪಳೆಯುಳಿಕೆ, ಪಕ್ಕದಲ್ಲಿ ವಸ್ತುಸಂಗ್ರಹಾಲಯ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಸತ್ತದ್ದು ಈ ಕೋಟೆಯ ಮುಂದೆ. ಪ್ರತಿವರ್ಷ ಅದೇ ದಿನದಿಂದ ಮೂರು ದಿನ ಕಿತ್ತೂರು ಉತ್ಸವ. ಆ ಮೂರು ದಿನ ಊರಿಗೆ ನಾಡೇ ಬರುತ್ತದೆ. ಉಳಿದ ದಿನಗಳಲ್ಲಿ ಸಂಜೆ ಏಳರ ನಂತರ ಏನು ಮಾಡುವುದೆಂದು ನೀವೇ ಯೋಚಿಸಿಕೊಳ್ಳಬೇಕು. ಓದುವ, ಬರೆಯುವ, ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಹಚ್ಚಿ ಅವುಗಳ ಜತೆಗೇ ಮಾತಾಡುವ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. 1969ರಲ್ಲಿ ಶುರುವಾದ ರಾಣಿ ಚೆನ್ನಮ್ಮ ಹೆಣ್ಣುಮಕ್ಕಳ ವಸತಿ ಶಾಲೆ ಇಲ್ಲಿದೆ. ಹೀಗಾಗಿ ಹೊರಗಿನಿಂದ ಬಂದು ನೆಲೆಸುವವರ ಮುಖ ಊರಿಗೆ ಹೊಸದಲ್ಲ. ಆದರೆ ಗುಂಪಿಲ್ಲದೆ ಆಗದವರು, ದಿನಕ್ಕೆ ಹತ್ತು ಜನಕ್ಕಾದರೂ ನಮಸ್ಕಾರ ಹೇಳಬೇಕಾದವರು ಆರು ತಿಂಗಳಲ್ಲಿ ಬೇಸತ್ತು ಧಾರವಾಡದ ಬಸ್ಸು ಹತ್ತುತ್ತಾರೆ.

ಸವದತ್ತಿ ಎಂದರೆ ಯಲ್ಲಮ್ಮನ ಗುಡ್ಡ ಎಂದೇ ಹೊರಗಿನವರ ತಿಳಿವಳಿಕೆ. ಗುಡ್ಡ ಊರಿನಿಂದ ಐದಾರು ಕಿಲೋಮೀಟರು ದೂರ. ಊರಿಗೆ ಅದರದೇ ಹಳೆಯ ಘನತೆಯಿದೆ. ಸುಗಂಧವರ್ತಿ ಎಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿದ್ದ ಊರು, ನಡುವೆ ಬುರುಜುಗಳ ಕೋಟೆ, ಸಮೀಪದ ಹೂಲಿಯಲ್ಲಿ ಪಂಚಲಿಂಗೇಶ್ವರ. ನವಿಲುತೀರ್ಥದ ಅಣೆಕಟ್ಟು ಇದೇ ತಾಲ್ಲೂಕಿನದು. ಹಿನ್ನೀರಿನ ರೇಣುಕಾಸಾಗರ ತುಂಬಿದರೆ ನೋಡುತ್ತ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ರಂಗಭೂಮಿಯ ಹಿರಿಯಜ್ಜ ಏಣಗಿ ಬಾಳಪ್ಪನವರ ಏಣಗಿ ಈ ತಾಲ್ಲೂಕಿನಲ್ಲಿದೆ. ನೂರು ದಾಟಿ ಬಾಳಿ 2017ರಲ್ಲಿ ಹೋದವರು. ಶಿಕ್ಷಣಕ್ಕೆಂದು ತನ್ನ ಆಸ್ತಿಯನ್ನೇ ಬಿಟ್ಟುಹೋದ ಲಿಂಗರಾಜ ದೇಸಾಯಿಯ ಶಿರಸಂಗಿಯೂ ಇಲ್ಲಿಯದೇ.

ಇಲ್ಲಿ ಮನೆ ನೋಡುವವರು ಒಂದು ಕೆಲಸ ಮಾಡಬೇಕು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಬಂದು ಒಂದು ರಾತ್ರಿ ಇರಬೇಕು. ಚಕ್ಕಡಿ, ಟ್ರ್ಯಾಕ್ಟರ್, ಕ್ರೂಸರ್, ಮಹಾರಾಷ್ಟ್ರದ ಲಾರಿ ಎಲ್ಲವೂ ಒಂದೇ ರಸ್ತೆಗೆ ಬಂದು ನಿಲ್ಲುತ್ತವೆ. ಭಂಡಾರದ ಹಳದಿ, ಚೌಡಕಿಯ ಸದ್ದು, “ಉಧೋ ಉಧೋ”. ಭಕ್ತಿ ಇದ್ದವರಿಗೆ ಕಿವಿ ತುಂಬುತ್ತದೆ. ಇಲ್ಲದವರಿಗೆ ಅದೇ ರಸ್ತೆಯಲ್ಲಿ ಆ್ಯಂಬುಲೆನ್ಸ್ ಹೇಗೆ ಹೋದೀತು ಎಂಬ ಚಿಂತೆ ಹತ್ತುತ್ತದೆ. ಎರಡೂ ನ್ಯಾಯವೇ. ಶಕ್ತಿ ಯೋಜನೆ ಬಂದ ಮೇಲೆ ಮಂಗಳವಾರ, ಶುಕ್ರವಾರಗಳಲ್ಲೂ ಗದ್ದಲ ಏರಿದೆ. ಗುಡ್ಡದ ದಾರಿಯಿಂದ ದೂರದ ಓಣಿಯಲ್ಲಿ ಮನೆ ಸಿಕ್ಕರೆ ಸವದತ್ತಿ ಸುಖದ ಊರು. ಪರವೂರವರನ್ನು ಉಪಚರಿಸುವುದು ಇಲ್ಲಿನವರಿಗೆ ತಲತಲಾಂತರದ ರೂಢಿ. ಆದರೆ ಬಂದವರು ಮರುದಿನ ಹೋಗುತ್ತಾರೆ ಎಂಬ ಎಣಿಕೆಯೂ ಆ ಉಪಚಾರದಲ್ಲಿ ಸೇರಿರುತ್ತದೆ. ನೀವು ಹೋಗುವವರಲ್ಲ ಎಂದು ಅವರಿಗೆ ಮನವರಿಕೆಯಾಗಲು ಒಂದೆರಡು ಜಾತ್ರೆ ಕಳೆಯಬೇಕು.

ರಾಮದುರ್ಗ ದೂರದ್ದು. ಬೆಳಗಾವಿಗೆ ನೂರು ಕಿಲೋಮೀಟರು, ಬಸ್ಸಿನಲ್ಲಿ ಎರಡೂವರೆ ತಾಸು. ಆದ್ದರಿಂದ ಇಲ್ಲಿಯ ಜನ ಆಸ್ಪತ್ರೆಗೆ ಬಾಗಲಕೋಟೆ, ಹುಬ್ಬಳ್ಳಿಯ ಕಡೆಗೂ ಮುಖ ಮಾಡುತ್ತಾರೆ. ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು. 1939ರಲ್ಲಿ ಪ್ರಜಾಸಂಘದ ಚಳವಳಿ ರಕ್ತಪಾತದಲ್ಲಿ ಮುಗಿದದ್ದನ್ನು ಈಗಲೂ ರಾಮದುರ್ಗದ ದುರಂತ ಎಂದೇ ಕರೆಯುತ್ತಾರೆ. ಪಕ್ಕದ ಸುರೇಬಾನದಲ್ಲಿ 1858ರ ಬಂಡಾಯದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಇಂಗ್ಲಿಷ್ ಅಧಿಕಾರಿ ಮ್ಯಾನ್‌ಸನ್‌ನನ್ನು ಕೊಂದರು. ಇಷ್ಟೆಲ್ಲ ಬಿಸಿ ಇತಿಹಾಸದ ಊರಿನಲ್ಲಿ ಬೇಸಿಗೆಯೂ ಅಷ್ಟೇ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರ ನಂತರ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ.

ಆದರೂ ನಾಲ್ಕರಲ್ಲಿ ಮಾತಿಗೆ ಅತಿ ಸುಲಭವಾಗಿ ಸಿಗುವ ಜನ ರಾಮದುರ್ಗದವರು ಎಂಬುದು ನನ್ನ ಅನಿಸಿಕೆ. ಇದು ನೇಕಾರರ ಊರು, ಸುರೇಬಾನ–ಮನಿಹಾಳವೂ ಹಾಗೆಯೇ. ಮಗ್ಗ ಮನೆಯೊಳಗೇ ಇರುತ್ತದೆ, ಬಾಗಿಲು ತೆರೆದೇ ಇರುತ್ತದೆ. ದಾರಿಯಲ್ಲಿ ಹೋಗುವವರು ಹೊಸ್ತಿಲ ಬಳಿ ನಿಂತರೆ ಲಾಳಿ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. “ಬರ್ರಿ ಮಾಮಾ, ಒಳಗ ಬರ್ರಿ, ಚಾ ಮಾಡ್ತಾಳ” ಎನ್ನುತ್ತ ಕಾಲು ಹಲಗೆಯ ಮೇಲೆ, ಕಣ್ಣು ಎಳೆಯ ಮೇಲೆ. ಒಂದು ಎಳೆ ಹರಿಯಿತೆಂದರೆ ಮಾತ್ರ ಎರಡೂ ನಿಲ್ಲುತ್ತವೆ. ಬೆರಳ ತುದಿಯಲ್ಲಿ ಗಂಟು ಬಿದ್ದೊಡನೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಯುತ್ತದೆ. ಹೊತ್ತು ಕಳೆಯುವುದೇ ಕೆಲಸವಾದವರಿಗೆ ಇದಕ್ಕಿಂತ ಚಲೋ ಜಗಲಿ ಎಲ್ಲಿ ಸಿಕ್ಕೀತು? ಹಬ್ಬಹುಣ್ಣಿಮೆಗೆ ಗೊಡಚಿಯ ವೀರಭದ್ರ, ನೀರು ಕಾಣಬೇಕೆನಿಸಿದರೆ ಶಬರಿಕೊಳ್ಳ, ಹಳೆಯ ಕಲ್ಲು ನೋಡುವ ಹುಚ್ಚಿದ್ದರೆ ತೊರಗಲ್ಲಿನ ಭೂತನಾಥ.

ರಾಮದುರ್ಗದಲ್ಲಿ ಮನೆ ಕೊಳ್ಳುವವರು ಗಟ್ಟಿಯಾಗಿ ಕೇಳಲೇಬೇಕಾದ ಪ್ರಶ್ನೆ ಇದು: 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಆ ತಿಂಗಳು ಮಲಪ್ರಭೆ ಉಕ್ಕಿ, ನವಿಲುತೀರ್ಥದಿಂದ ನೀರು ಬಿಟ್ಟು, ನದಿದಂಡೆಯ ಓಣಿಗಳು ಮುಳುಗಿದವು. ಮಗ್ಗಗಳೂ ಮುಳುಗಿದವು. ಮಾರುವವರು ಬಾಯಿ ಬಿಡದಿದ್ದರೂ ನೆರೆಮನೆಯ ಅಜ್ಜಿ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾಳೆ. ದಲ್ಲಾಳಿಗಿಂತ ಅವಳ ಮಾತು ಕೇಳಿ.

ಹೊರಗಿನಿಂದ ಬಂದವರನ್ನು ಈ ಊರುಗಳು ದೂರ ಇಡುವುದಿಲ್ಲ, ಆದರೆ ತಾವಾಗಿ ಒಳಗೆ ಎಳೆದುಕೊಳ್ಳುವುದೂ ಇಲ್ಲ. “ಯಾರ ಪೈಕಿ?” ಎಂಬ ಪ್ರಶ್ನೆಗೆ ಉತ್ತರ ಇಲ್ಲದವರು ಮಾಡುವ ಕೆಲಸದಿಂದ ಉತ್ತರ ಗಳಿಸಿಕೊಳ್ಳಬೇಕು. ಗಣಿತ ಮಾಸ್ತರರಾಗಿದ್ದವರು ಓಣಿಯ ನಾಲ್ಕು ಎಸ್ಸೆಸ್ಸೆಲ್ಸಿ ಹುಡುಗರಿಗೆ ಪಾಠ ಹೇಳಲಿ, ಕಂದಾಯ ಇಲಾಖೆಯವರು ಪಕ್ಕದ ಮನೆಯವರ ಉತಾರದ ಗೊಂದಲ ಬಿಡಿಸಿಕೊಡಲಿ, ಬ್ಯಾಂಕಿನವರು ಅರ್ಜಿ ತುಂಬಿಕೊಡಲಿ. ತಿಂಗಳೊಪ್ಪತ್ತಿನಲ್ಲಿ “ಬೆಂಗಳೂರವರು” ಹೋಗಿ “ನಮ್ಮ ಸರ್” ಆಗುತ್ತಾರೆ. ಹೆಣ್ಣುಮಕ್ಕಳಿಗೆ ಈ ಕಷ್ಟ ಕಡಿಮೆ. ಭಜನೆಯ ಗುಂಪು, ಮಠದ ದಾಸೋಹ, ಶ್ರಾವಣದ ಪುರಾಣ, ಯಾವುದಾದರೂ ಒಂದು ಎಳೆಯಿಂದ ಅವರು ಒಳಸೇರುತ್ತಾರೆ. ಗಂಡಸರು ನಿವೃತ್ತರಾದರೂ ಹೆಂಗಸರು ಒಲೆಯಿಂದ ನಿವೃತ್ತರಾಗುವುದಿಲ್ಲ ಎಂಬ ದೂರಿಗೆ ಮಾತ್ರ ಈ ಸೀಮೆಯಲ್ಲಿ ಅರ್ಧ ಪರಿಹಾರವಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಮಾರುವ ಮನೆಗಳು ಪ್ರತಿ ಪೇಟೆಯಲ್ಲೂ ಇವೆ, ಪಲ್ಯಕ್ಕೆ ಖಾನಾವಳಿಯ ಡಬ್ಬಿ. ಮೊಣಕಾಲು ನೋವಿನ ದಿನ ಒಲೆ ಹಚ್ಚದಿದ್ದರೂ ಊಟ ನಿಲ್ಲುವುದಿಲ್ಲ.

ಒಂದೇ ಏಟಿಗೆ ಮನೆ ಕೊಳ್ಳಬೇಡಿ. ಧಾರವಾಡಕ್ಕೆ ಹೋಲಿಸಿದರೆ ಬಾಡಿಗೆ ಇಲ್ಲೆಲ್ಲ ಹಗುರ, ಒಂದು ವರ್ಷ ಹಿಡಿದು ನೋಡಿ. ಕಿತ್ತೂರನ್ನು ಜುಲೈನ ಜಿಟಿಜಿಟಿಯಲ್ಲಿ, ರಾಮದುರ್ಗವನ್ನು ಮೇ ತಿಂಗಳಲ್ಲಿ, ಬೈಲಹೊಂಗಲವನ್ನು ಹತ್ತಿ ಬರುವ ಹಂಗಾಮಿನಲ್ಲಿ ಕಂಡ ಮೇಲೆ ಮನಸ್ಸು ಗಟ್ಟಿ ಮಾಡಿ. ಮನೆ ನೆಲಮಹಡಿಯದೇ ಇರಲಿ. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಮನೆಯ ಮಾಲೀಕರನ್ನಲ್ಲ, ಎದುರು ಮನೆಯವರನ್ನು ಕೇಳಿ. ಪ್ಲಾಟಾದರೆ ಎನ್ಎ ಆಗಿದೆಯೋ ಇಲ್ಲವೋ, ಉತಾರ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಬಾಗಿಲಿನ ಇನ್ನೊಂದು ಕೀಲಿ ನೆರೆಯವರ ಹತ್ತಿರ ಇರಲಿ. ಅದನ್ನು ಯಾರ ಕೈಗೆ ಕೊಡಬಹುದೆಂಬುದು ಮೂರು ತಿಂಗಳಾದರೂ ತೋಚದಿದ್ದರೆ, ಬಾಡಿಗೆ ಮನೆ ಹೇಗೂ ಬಿಡಬಹುದು, ಬೇರೆ ಓಣಿ ನೋಡಿ.