ಬಾವಿಗಿಳಿದ ದೀಪ, ಬೆರಳಿಗೆ ಹಾಕಿದ ಅಂಕಿ

ಶಿಕಾರಿಪುರ, ಸೊರಬದ ಕಡೆ ಏಪ್ರಿಲ್ ಮುಗಿದು ಮೇ ಹಿಡಿಯಿತೆಂದರೆ ಬಾವಿ ಹೂಳೆತ್ತುವ ಕಾಲ. ನೀರು ತಳ ಕಂಡಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಇಳಿಯುವ ಮೊದಲು ನಮ್ಮಜ್ಜ ಕಂದೀಲಿನ ಬತ್ತಿ ಸಣ್ಣ ಮಾಡಿ, ಹಗ್ಗಕ್ಕೆ ಕಟ್ಟಿ, ಗಡಗಡೆಯ ಮೇಲಿಂದ ಮೆಲ್ಲಗೆ ಬಿಡುತ್ತಿದ್ದರು. ನಾವು ಮಕ್ಕಳು ಕಟ್ಟೆಗೆ ಎದೆ ಆನಿಸಿ ಬಗ್ಗಿ ನೋಡುತ್ತಿದ್ದೆವು. ತಳದಲ್ಲಿ ಹಳದಿ ಚುಕ್ಕಿ ಅಲುಗದೆ ನಿಂತರೆ ಅಜ್ಜ, “ಗಾಳಿ ಐತೆ, ಇಳಿಯಪ್ಪ” ಎನ್ನುತ್ತಿದ್ದರು.

ನಾನು ಕಂಡ ಮೊದಲ ಆಮ್ಲಜನಕ ಮಾಪಕ ಆ ಕಂದೀಲು. ಎರಡನೆಯದು ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್. ಮೂರನೆಯದನ್ನು ವರ್ಷಗಳಿಂದ ಓದಿ ತಿಳಿದಿದ್ದೇನೆ: ನೀರಿನೊಳಗೆ ಬಿಟ್ಟ ಉಸಿರನ್ನೇ ತೊಳೆದು, ಕಡಿಮೆಯಾದ ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ರೀಬ್ರೀದರ್‌ನ ಡಿಸ್‌ಪ್ಲೇ. ಹೆನ್ರಿ ಫ್ಲೂಸ್ ಎಂಬ ಇಂಗ್ಲೆಂಡಿನವನು 1878ರಲ್ಲಿ ಮಾಡಿದ ಈ ಸಾಧನವನ್ನು ಈಗ ಕೆಲವು ದೇಶಗಳಲ್ಲಿ ಹವ್ಯಾಸಿಗಳು ಮನೆಯಲ್ಲೇ ಜೋಡಿಸುತ್ತಾರೆ. ಅವರು ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯಗಳಲ್ಲಿ ಒಂದು, ಆಮ್ಲಜನಕ ಎಷ್ಟಿದೆ ಎಂಬುದನ್ನು ಮುಳುಗಿದವನ ಕಣ್ಣಿಗೆ ತೋರಿಸುವುದು ಹೇಗೆ ಎಂಬುದು. ಆ ಚರ್ಚೆಗಳನ್ನು ಓದುತ್ತಿದ್ದಾಗ ನನಗೆ ನಮ್ಮ ಬಾವಿಕಟ್ಟೆಯೇ ನೆನಪಾಗುತ್ತಿತ್ತು. ತಪ್ಪು ತಿಳಿವಳಿಕೆಗಳು ಎರಡೂ ಕಡೆ ಒಂದೇ.

“ಗಾಳಿ ಕಡಿಮೆಯಾದರೆ ಉಸಿರು ಕಟ್ಟುತ್ತದೆ, ತಿಳಿದೇ ತಿಳಿಯುತ್ತದೆ”

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವ ನಂಬಿಕೆ ಇದು. ಉಸಿರು ಬಿಗಿಹಿಡಿದಾಗ ಎದೆ ಒದ್ದಾಡುವುದು ಆಮ್ಲಜನಕ ಕಡಿಮೆಯಾಯಿತೆಂದಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತೆಂದು. ಆ ಅನಿಲ ಹೊರಗೆ ಹೋಗುತ್ತಿದ್ದರೆ ಆಮ್ಲಜನಕ ಎಷ್ಟೇ ಇಳಿದರೂ ಮೈ ಹೆಚ್ಚೇನೂ ತಕರಾರು ಮಾಡುವುದಿಲ್ಲ. ತಲೆ ಸ್ವಲ್ಪ ಹಗುರಾಗುತ್ತದೆ, ಮಾತು ತೊದಲುತ್ತದೆ. ಎಷ್ಟೋ ಜನರಿಗೆ ಹಿತವೇ ಅನಿಸುತ್ತದೆ. ಆಮೇಲೆ ಪ್ರಜ್ಞೆ ಇಲ್ಲ.

ರೀಬ್ರೀದರ್‌ನಲ್ಲಿ ಆಗುವುದು ಸರಿಯಾಗಿ ಇದೇ. ಅದರೊಳಗಿನ ಸೋಡಾ ಲೈಮ್ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಆಮ್ಲಜನಕ ಸೇರಿಸುವ ಕವಾಟ ಕೆಟ್ಟು ನಿಂತರೂ ಮುಳುಗಿದವನು ಆರಾಮಾಗಿ ಉಸಿರಾಡುತ್ತಾ, ಆರಾಮಾಗಿಯೇ ಎಚ್ಚರ ತಪ್ಪುತ್ತಾನೆ. ಮೈ ಕೊಡದ ಸುಳಿವನ್ನು ಯಂತ್ರ ಕೊಡಬೇಕು. ಡಿಸ್‌ಪ್ಲೇ ಬಗ್ಗೆ ಅಷ್ಟೊಂದು ಚರ್ಚೆ ನಡೆಯುವುದು ಅದಕ್ಕೆ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಶೇ. 16ಕ್ಕೆ ಇಳಿದಾಗ ಎದೆಬಡಿತ ಏರಿ ವಿವೇಚನೆ ಮಸುಕಾಗುತ್ತದೆ. ಶೇ. 10ರ ಕೆಳಗೆ ಪ್ರಜ್ಞೆ ನಿಲ್ಲುವುದಿಲ್ಲ. ಶೇ. 6ರ ಆಸುಪಾಸಿನ ಗಾಳಿಯನ್ನು ಎರಡು ಮೂರು ಸಲ ಎಳೆದುಕೊಂಡರೆ ಕುಸಿಯುವುದೇ. ಬಾವಿಗೆ ಬಿದ್ದವನನ್ನು ಎತ್ತಲು “ಉಸಿರು ಹಿಡಿದು ಒಂದೇ ನಿಮಿಷದಲ್ಲಿ ಬರ್ತೀನಿ” ಎಂದು ಇಳಿದ ಅಣ್ಣ, ಅವನ ಹಿಂದೆ ಇಳಿದ ಮಾವ, ಇಬ್ಬರೂ ಮೇಲೆ ಬಾರದ ಸುದ್ದಿಯನ್ನು ಪ್ರತಿ ಬೇಸಿಗೆಯೂ ಓದುತ್ತೇವೆ. ಅವರಿಗೆ ಧೈರ್ಯ ಕಡಿಮೆ ಇರಲಿಲ್ಲ. ಮೈ ಮುನ್ಸೂಚನೆ ಕೊಡುತ್ತದೆ ಎಂದು ನಂಬಿದ್ದರು, ಅಷ್ಟೇ.

“ದೀಪ ಉರಿದರೆ ಇಳಿಯಬಹುದು”

ಅಜ್ಜನ ದೀಪದ ಬಗ್ಗೆ ನನಗೆ ಗೌರವವಿದೆ. ಅದು ಅರ್ಧ ಸತ್ಯ ಹೇಳುತ್ತಿತ್ತು. ಸಾಧಾರಣ ಬತ್ತಿಯ ದೀಪ ಆಮ್ಲಜನಕ ಶೇ. 16-17ಕ್ಕೆ ಇಳಿದರೆ ಆರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿದ್ದರೆ ಇನ್ನೂ ಬೇಗ. ಹಾಗಾಗಿ ದೀಪ ಆರಿತೆಂದರೆ ಇಳಿಯಲೇಬಾರದು. ಆದರೆ ದೀಪ ಉರಿಯಿತು ಎಂಬುದರಿಂದ ಇಳಿಯಬಹುದು ಎಂದಾಗುವುದಿಲ್ಲ.

ಕೊಳೆತ ಹೂಳಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷ ಭಾಗಕ್ಕೆ 500ರಿಂದ 1,000 ಭಾಗ ಇದ್ದರೆ ಮನುಷ್ಯ ಸಾಯುತ್ತಾನೆ. ಅಷ್ಟಕ್ಕೆ ದೀಪ ಮಿಣುಕುವುದೂ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯಿಂದ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಅದೇ ಅನಿಲ 100 ಭಾಗ ದಾಟಿದ ಮೇಲೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಮೊದಲು ನಾತ, ಆಮೇಲೆ ಏನೂ ಇಲ್ಲ. ಇಳಿದವನು “ಹೋಯ್ತು, ಗಾಳಿ ಸರಿಯಾಯ್ತು” ಎಂದುಕೊಳ್ಳುತ್ತಾನೆ. ಹೂಳಿನಲ್ಲಿ ಮೀಥೇನ್ ಕೂಡಿಕೊಂಡಿದ್ದರೆ ಇಳಿಬಿಟ್ಟ ದೀಪವೇ ಬೆಂಕಿ ಹಚ್ಚಬಹುದು.

ಇನ್ನೊಂದು, ನೀರು ಖಾಲಿ ಮಾಡಲು ಎಂಜಿನ್ ಪಂಪನ್ನು ಬಾವಿಯೊಳಗಿನ ಮೆಟ್ಟಿಲ ಮೇಲೆ ಇಟ್ಟು ಓಡಿಸುವ ರೂಢಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ದೀಪಕ್ಕೂ ಅದರ ಗೊಡವೆಯಿಲ್ಲ. ಇಲ್ಲಿ ಆಕ್ಸಿಮೀಟರ್ ಕೂಡ ಮೋಸ ಹೋಗುತ್ತದೆ. ಬೆರಳಿನ ಯಂತ್ರ ಕೆಂಪು ಬೆಳಕು, ಅವಗೆಂಪು ಬೆಳಕು ಎರಡನ್ನೂ ಹಾಯಿಸಿ ರಕ್ತದ ಕೆಂಪನ್ನು ಅಳೆಯುತ್ತದೆ. ಜಪಾನಿನ ತಕುವೊ ಅಯೋಯಾಗಿ 1974ರಲ್ಲಿ ಕಂಡುಕೊಂಡ ವಿಧಾನವಿದು. ಮಾನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಷ್ಟೇ ಕೆಂಪು. ಬಾವಿಯಿಂದ ಎತ್ತಿದವನ ಬೆರಳಿಗೆ ಹಾಕಿ 98 ಕಂಡಿತೆಂದು ಮನೆಗೆ ಕರೆದೊಯ್ಯಬೇಡಿ. ಆಸ್ಪತ್ರೆಗೇ ಒಯ್ಯಿರಿ.

“ನಿನ್ನೆ ಇಳಿದಿದ್ದೆವು, ಏನೂ ಆಗಲಿಲ್ಲ” ಎಂಬ ಮಾತೂ ನಿಲ್ಲುವುದಿಲ್ಲ. ಬಾವಿ ಸುತ್ತಲಿನ ಮಣ್ಣಿನ ರಂಧ್ರಗಳೊಂದಿಗೆ ಉಸಿರಾಡುತ್ತದೆ. ಮಣ್ಣಿನೊಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಹೊರಗಿನ ವಾಯುಭಾರ ಕುಸಿದಾಗ ಆ ಗಾಳಿ ಬಾವಿಗೆ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗುವ ನಮ್ಮ ಮೇ ತಿಂಗಳಲ್ಲೇ ಹೂಳೆತ್ತುವುದೂ ನಡೆಯುತ್ತದೆ. ಬೆಳಿಗ್ಗೆ ಒಳ್ಳೆಯದಿದ್ದ ಬಾವಿ ಸಂಜೆಗೆ ಕೆಟ್ಟಿರಬಹುದು.

“ಮುಳುಗುವವರ ಬೆನ್ನ ಮೇಲಿರುವುದು ಆಕ್ಸಿಜನ್ ಸಿಲಿಂಡರ್”

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ನೌಕಾಪಡೆಯ ಮುಳುಗುಗಾರರೂ ಈಶ್ವರ ಮಲ್ಪೆಯವರ ತಂಡದವರೂ ಹುಡುಕಾಡಿದ್ದನ್ನು ನಾಡೆಲ್ಲ ನೋಡಿತು. ಮುಳುಗುವವರ ಸಿಲಿಂಡರ್ ಎಂದರೆ ಆಮ್ಲಜನಕದ್ದು ಎಂದು ನಮ್ಮಲ್ಲಿ ರೂಢಿಯ ಮಾತು. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗಿ ಬಂದವರೂ ಹಾಗೆಯೇ ಹೇಳುತ್ತಾರೆ. ಸ್ಕೂಬಾ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಗಾಳಿ. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಮೂರ್ಛೆ ರೋಗದಂತೆ ಮೈ ಸೆಟೆಯಬಹುದು. ನೀರೊಳಗೆ ಹಾಗಾದರೆ ಬಾಯಿಯ ಕೊಳವೆ ಕಳಚಿ ಮುಳುಗುವುದೇ.

ಇದನ್ನು ಮೈಮೇಲೆ ಎಳೆದುಕೊಂಡು ಪರೀಕ್ಷಿಸಿದವರು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1939ರ ಜೂನಿನಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಮೇಲೆ ಅವರು ಒತ್ತಡದ ಕೋಣೆಯಲ್ಲಿ ಕುಳಿತು ಪ್ರಯೋಗಕ್ಕೆ ತಮ್ಮನ್ನೇ ಒಡ್ಡಿಕೊಂಡರು. ಆಮ್ಲಜನಕದ ವಿಷದಿಂದ ಬಂದ ಸೆಳೆತದಲ್ಲಿ ಬೆನ್ನೆಲುಬಿಗೆ ಪೆಟ್ಟಾಯಿತು. ಅದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರನ್ನು ನಮ್ಮವರೆಂದೇ ಎಣಿಸುತ್ತೇನೆ.

ಇಲ್ಲಿ ಶೇಕಡಾ ಲೆಕ್ಕ ಕೈ ಕೊಡುತ್ತದೆ. ಮೈಗೆ ಬೇಕಾದದ್ದು ಆಮ್ಲಜನಕದ ಪಾಲಿನ ಒತ್ತಡ. ಸಮುದ್ರಮಟ್ಟದಲ್ಲಿ ಅದು 0.21 ಬಾರ್. ಪ್ರತಿ ಹತ್ತು ಮೀಟರ್ ನೀರಿಗೆ ಒಂದೊಂದು ಬಾರ್ ಒಟ್ಟು ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ ಶೇ. 10ರ ಮಿಶ್ರಣವೂ 0.4 ಬಾರ್ ಕೊಟ್ಟು ಚೆನ್ನಾಗಿಯೇ ಸಾಕುತ್ತದೆ. ಅದನ್ನೇ ಎಳೆದುಕೊಳ್ಳುತ್ತ ಮೇಲೆ ಬಂದರೆ ನೀರಿನ ಮೇಲ್ಮೈ ಹತ್ತಿರ 0.10ಕ್ಕೆ ಇಳಿದು ಎಚ್ಚರ ತಪ್ಪಿಸುತ್ತದೆ. ರೀಬ್ರೀದರ್ ಡಿಸ್‌ಪ್ಲೇಯಲ್ಲಿ ಶೇಕಡಾ ತೋರಿಸದೆ ಪಾಲಿನ ಒತ್ತಡವನ್ನೇ ತೋರಿಸುವುದು ಇದಕ್ಕೆ. 0.16ರ ಕೆಳಗೆ ಅಪಾಯ, 1.6ರ ಮೇಲೆ ಅಪಾಯ. ನಡುವೆ ಬದುಕು.

ನಮ್ಮೂರಿನ ಎತ್ತರವೂ ಈ ಲೆಕ್ಕದೊಳಗೆ ಬರುತ್ತದೆ. ಶಿಕಾರಿಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿನ ವಾಯುಭಾರ 0.94 ಬಾರ್ ಆಸುಪಾಸು. ಗಾಳಿಯಲ್ಲಿ ಆಮ್ಲಜನಕ ಇಲ್ಲೂ ಶೇ. 20.9, ಆದರೆ ಅದರ ಪಾಲಿನ ಒತ್ತಡ 0.20ಕ್ಕಿಂತ ತುಸು ಕಡಿಮೆ. ಇಲ್ಲಿ ಕುಳಿತು ಒಬ್ಬ ತನ್ನ ರೀಬ್ರೀದರಿನ ಆಮ್ಲಜನಕ ಸೆನ್ಸರಿಗೆ “ಇದು 0.21” ಎಂದು ಹೇಳಿಕೊಟ್ಟು ಮುರ್ಡೇಶ್ವರದಲ್ಲಿ ಮುಳುಗಿದನೆಂದರೆ, ಡಿಸ್‌ಪ್ಲೇ 1.3 ಎಂದಾಗ ನಿಜ 1.2ರ ಸುತ್ತ ಇರುತ್ತದೆ. ಯಂತ್ರದಲ್ಲಿ ದೋಷವಿಲ್ಲ. ಕಲಿಸಿದ ಪಾಠ ತಪ್ಪು.

“ಅಂಕಿ ಕಂಡರೆ ಸಾಕು”

2021ರ ಮೇ ತಿಂಗಳು. ಚಿಕ್ಕಮ್ಮ ಜ್ವರದಿಂದ ಮಲಗಿದ್ದರು. ರಾತ್ರಿ ಮಂಚದ ಕಾಲ ದಿಕ್ಕಿನಲ್ಲಿ ಕುಳಿತ ನಾನು ಅವರ ಬೆರಳಿನ ಆಕ್ಸಿಮೀಟರ್ ನೋಡಿದೆ. 98. ನೆಮ್ಮದಿಯಾಯಿತು. ತಲೆದಿಂಬಿನ ಬಳಿ ಕೂತಿದ್ದ ಅವರ ಮಗಳು, “ಅಣ್ಣಾ, 86 ಅಲ್ವಾ ಇದು?” ಎಂದಳು. ಇಬ್ಬರೂ ಸರಿಯಾಗಿಯೇ ಓದಿದ್ದೆವು. ಏಳು ಗೆರೆಗಳಲ್ಲಿ ಮೂಡುವ ಆ ಅಂಕಿಗಳನ್ನು ತಲೆಕೆಳಗು ಮಾಡಿದರೆ 86 ಎಂಬುದು 98 ಆಗುತ್ತದೆ. ಕಾಗದದ ಮೇಲೆ ಬರೆದು ತಿರುಗಿಸಿ ನೋಡಿ. ನಾನು ಎದುರಿನಿಂದ ನೋಡುತ್ತಿದ್ದೆ. ಪಕ್ಕದ ಸಣ್ಣ ಅಕ್ಷರ ಮಂದ ಬೆಳಕಿನಲ್ಲಿ ಕಂಡಿರಲಿಲ್ಲ. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿದೆವು, ಆಮ್ಲಜನಕ ಕೊಟ್ಟರು, ಚಿಕ್ಕಮ್ಮ ಉಳಿದರು. ಈಗ ನಮ್ಮ ಮನೆಯ ಯಂತ್ರದ ಮೇಲ್ತುದಿಗೆ ಕೆಂಪು ದಾರ ಸುತ್ತಿದೆ. ಅದೇ ಪರದೆಯಲ್ಲಿ ನಾಡಿಬಡಿತದ ಅಂಕಿಯೂ ಮೂಡುತ್ತದೆ. 98 ಬಡಿತವನ್ನು 98 ಆಮ್ಲಜನಕವೆಂದು ಓದಿದ ಮನೆಗಳು ಎಷ್ಟಿದ್ದವೋ.

ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಬಿಸಿಲಲ್ಲಿ ದುಡಿದ ನಮ್ಮ ಮೈಬಣ್ಣದವರು ಅಂಚಿನ ಅಂಕಿಗಳನ್ನು ಹೆಚ್ಚು ಅನುಮಾನದಿಂದಲೇ ನೋಡಬೇಕು.

ನೀರಿನೊಳಗೆ ಓದುವುದು ಇನ್ನೂ ಕಷ್ಟ. ಅಂಜನಾಪುರ ಜಲಾಶಯದಲ್ಲಿ ಮಳೆಗಾಲದ ಕೆಂಪು ನೀರಿಗೆ ಕೈ ಇಳಿಸಿದರೆ ಮೊಣಕೈ ಹೋಗುವಷ್ಟರಲ್ಲಿ ಬೆರಳು ಕಾಣೆ. ಅಂಥ ನೀರಿನಲ್ಲಿ ಮಣಿಕಟ್ಟಿನ ಪರದೆಯನ್ನು ಮುಖಕ್ಕೆ ಅಂಟಿಸಿಕೊಳ್ಳಬೇಕು. ನಲವತ್ತು ದಾಟಿದವರಿಗೆ ಅಷ್ಟು ಹತ್ತಿರದ್ದು ಮಸುಕು. ಸಂಖ್ಯೆಯನ್ನು ಬಿಟ್ಟು ಬೆಳಕಿನ ಮಿಣುಕನ್ನು ಬಳಸುವ ಉಪಾಯ ಹುಟ್ಟಿದ್ದು ಹೀಗೆ. ಬಾಯಿಯ ಕೊಳವೆಯ ಬಳಿ, ಕಣ್ಣಂಚಿಗೆ ಬೀಳುವಂತೆ ಒಂದು ಎಲ್‌ಇಡಿ. 1.0 ಇದ್ದರೆ ಒಂದು ಕಿತ್ತಳೆ ಮಿಣುಕು. ಮೇಲಿನ ಪ್ರತಿ 0.1ಕ್ಕೂ ಒಂದೊಂದು ಹಸಿರು, ಕೆಳಗಿನ ಪ್ರತಿ 0.1ಕ್ಕೂ ಒಂದೊಂದು ಕೆಂಪು. ಮೂರು ಹಸಿರು ಎಂದರೆ 1.3. ಬೆಳಕು ಮಸುಕಾಗಿ ಕಂಡರೂ ಎಣಿಸಬಹುದು. ಆದರೂ ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣಿನವನಿಗೆ ಎರಡು ಹಸಿರೂ ಎರಡು ಕೆಂಪೂ ಒಂದೇ, ಅಂದರೆ 1.2ಕ್ಕೂ 0.8ಕ್ಕೂ ವ್ಯತ್ಯಾಸವಿಲ್ಲ. ಹಾಕಿಕೊಳ್ಳುವವನ ಕಣ್ಣು ಪರೀಕ್ಷಿಸದೆ ಡಿಸ್‌ಪ್ಲೇ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಮೂರು ಸೆನ್ಸರ್ ಹಾಕಿದರೆ ತಪ್ಪಾಗದು ಎನ್ನುವುದೂ ಪೂರ್ತಿ ನಿಜವಲ್ಲ. ಒಂದೇ ದಿನ ಕೊಂಡ, ಒಂದೇ ತೇವ ತಿಂದ ಮೂರೂ ಒಟ್ಟಿಗೆ ಮುದಿಯಾಗುತ್ತವೆ. ಮುದಿ ಸೆನ್ಸರ್ ಹೊರಗಾಳಿಯಲ್ಲಿ ಸರಿಯಾಗಿ ತೋರಿಸಿ, ಮೇಲಿನ ಒತ್ತಡಕ್ಕೆ ಏರಲಾರದೆ ನಿಂತುಬಿಡಬಹುದು. ಯಂತ್ರ ಅದನ್ನು ನಂಬಿ ಆಮ್ಲಜನಕ ಸುರಿಯುತ್ತಲೇ ಇರುತ್ತದೆ. ಮೂರರ ಸರಾಸರಿ ತೋರಿಸುವ ಪರದೆ ಇದನ್ನೆಲ್ಲ ಮುಚ್ಚಿಡುತ್ತದೆ. ಮೂರನ್ನೂ ಬೇರೆ ಬೇರೆ ತೋರಿಸಿದರೆ ಒಂದು ಹಿಂದೆ ಬಿದ್ದದ್ದು ಕಣ್ಣಿಗೆ ಬೀಳುತ್ತದೆ.

ಕಳೆದ ಬೇಸಿಗೆ ನಮ್ಮ ಬಾವಿಗೆ ನಾಲ್ಕು ಅನಿಲಗಳ ಮೀಟರ್ ಎರವಲು ತಂದೆ. ಆಮ್ಲಜನಕ, ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಉರಿಯುವ ಅನಿಲ, ನಾಲ್ಕನ್ನೂ ಅದು ನೋಡುತ್ತದೆ. ಆಮ್ಲಜನಕ ಶೇ. 19.5ರ ಕೆಳಗಿಳಿದರೆ ಕೂಗುತ್ತದೆ. ಹಗ್ಗಕ್ಕೆ ಕಟ್ಟಿ ಬಾಯಿ, ನಡು, ತಳ, ಮೂರು ಕಡೆಯೂ ಎರಡೆರಡು ನಿಮಿಷ ನಿಲ್ಲಿಸಿದೆ. ತಳ ತಲುಪುತ್ತಲೇ ಕೂಗು ಕೇಳಿತು. ಮೇಲೆ ಎಳೆದುಕೊಂಡಾಗ ಪರದೆಯಲ್ಲಿ 20.9, ಏನೂ ಆಗದಂತೆ. ಕೆಳಗಿನ ಅಂಕಿಯನ್ನು ಹಿಡಿದಿಟ್ಟುಕೊಳ್ಳುವ ಗುಂಡಿ ಇಲ್ಲದಿದ್ದರೆ ಅದನ್ನೇ ನಂಬಬೇಕಿತ್ತು. ಗುಂಡಿ ಒತ್ತಿದೆ. 18.4. ಉರಿಯುವ ಅನಿಲ ಸೊನ್ನೆ ಇತ್ತು. ಹಾಗಾಗಿ ಮಾವ ಹಟ ಹಿಡಿದು ಅಜ್ಜನ ಕಂದೀಲನ್ನೂ ಇಳಿಬಿಟ್ಟರು. ಎಲ್ಲರೂ ಕಟ್ಟೆಗೆ ಎದೆ ಆನಿಸಿ ಬಗ್ಗಿದೆವು. ತಳದಲ್ಲಿ ಹಳದಿ ಚುಕ್ಕಿ ಅಲುಗದೆ ನಿಂತಿತ್ತು.

ಮಾವ ಹಗ್ಗ ಎಳೆದುಕೊಂಡು, ಬ್ಲೋವರ್ ತರಲು ಹುಡುಗನನ್ನು ಶಿರಾಳಕೊಪ್ಪಕ್ಕೆ ಕಳಿಸಿದರು.